ಹಿಂಡಿಯ ಚಟ್ನಿ ಉಂಡವಳು

ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಹದಿನಾರು ವರ್ಷ ಅರೆಹೊಟ್ಟೆಯಲ್ಲಿ ಉಂಡದ್ದನ್ನು ನಮ್ಮ ಮನೆತನದವರು ಈಗ ತಮ್ಮ ಹಿರಿಮೆಯೆಂದು ಬಡಿಸುತ್ತಿದ್ದಾರೆ. ಇದು ಅನ್ಯಾಯ.

ಹೋದ ತಿಂಗಳು ಸಂಶಿಯಲ್ಲಿ ಮೈದುನನ ಹೊಸ ಮನೆಯ ಊಟಕ್ಕೆ ಹೋಗಿದ್ದೆ. ಅಂಗಳ ದಾಟುವ ಮೊದಲೇ ಬೆಳ್ಳುಳ್ಳಿಯೊಡನೆ ಹುರಿದ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಗಾಣದಲ್ಲಿ ಶೇಂಗಾದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಅದು. ನಮ್ಮ ಕಡೆ ಎತ್ತುಗಳಿಗೆ ಹಾಕುತ್ತಾರೆ. ಅದರ ಚಟ್ನಿ, ಜೊತೆಗೆ ತೌಡಿನ ರೊಟ್ಟಿ. ಎಲೆಯ ತುದಿಗೆ ಒಂದು ಚಮಚೆ, ಒಂದು ತುಂಡು.

"ಯುದ್ಧದ ಕಾಲದಾಗ, ರೇಶನ್ ಇದ್ದಾಗ, ನಮ್ಮವ್ವ ಮಾಡತಿದ್ದ ಅಡಗಿರಿ ಇದು," ಎಂದು ಮೈದುನ ಬೀಗರಿಗೆ ವಿವರಿಸುತ್ತಿದ್ದ. ಎಂಬತ್ತು ದಾಟಿದ ಭಾವ, ಆ ನೆಗೆಣ್ಣಿಯ ಗಂಡ, ನಾಲಗೆ ಚಪ್ಪರಿಸಿ ಇನ್ನೊಂದು ಚಮಚೆ ಕೇಳಿದರು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಆ ಎರಡನೇ ಮಹಾಯುದ್ಧ ಮುಗಿದು ಸುಮಾರು ನಾಲ್ಕು ದಶಕಗಳಾಗಿದ್ದವು. ನೆಲದಡಿಯ ಹಗೇವಿನ ತುಂಬ ಜೋಳವಿತ್ತು, ಹಿತ್ತಿಲಲ್ಲಿ ಎರಡು ಎಮ್ಮೆ ಹಾಲು ಕರೆಯುತ್ತಿದ್ದವು. ಆದರೂ ಸಾಣಿಗೆಯಿಂದ ಇಳಿದ ಬಿಳಿ ಹಿಟ್ಟು ಗಂಡಸರ ರೊಟ್ಟಿಗೆ, ಸಾಣಿಗೆಯಲ್ಲಿ ಉಳಿದ ತೌಡು ಸೊಸೆಯರ ರೊಟ್ಟಿಗೆ. ತುಪ್ಪ ಪಡಸಾಲೆಗೆ, ಹಿಂಡಿ ಅಡುಗೆಮನೆಗೆ. "ಇದನ್ನ ತಿಂದ ಆರ ಮಕ್ಕಳನ್ನ ಸಾಕೇನಿ. ನಿಮಗೇನ ಧಾಡಿ?" ಎನ್ನುತ್ತಿದ್ದರು ಅತ್ತೆ. ಅವರ ಕಷ್ಟ ಸುಳ್ಳಲ್ಲ. ಆದರೆ ಆ ಕಷ್ಟವನ್ನು ಅವರು ಗಂಡುಮಕ್ಕಳಿಗೆ ಒಂದು ತುತ್ತೂ ಹಂಚದೆ, ಇಡಿಯಾಗಿ ನಮ್ಮಿಬ್ಬರಿಗೇ ಕೊಟ್ಟರು.

ನೆಗೆಣ್ಣಿ ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ತಾಟಿಗೆ ಹಾಕುತ್ತಿದ್ದಳು. "ತಿನ್ನ ಬೇ, ನೀ ಇನ್ನಾ ಹೊಸಬಾಕಿ. ನನ್ನ ಹೊಟ್ಟಿಗೆ ರೂಢಿ ಆಗೇತಿ…"

ಒಂದು ಸೋಮವಾರ ಅವಳು ಏನೂ ಹೇಳದೆ ಪಡಸಾಲೆಯ ತಾಟುಗಳಿಗೆ ನಮ್ಮ ರೊಟ್ಟಿ, ನಮ್ಮ ಚಟ್ನಿ ಬಡಿಸಿದಳು. ಭಾವ ಒಂದು ತುತ್ತು ಉಗುಳಿ ತಾಟು ದೂಡಿದರು.

"ಏನ ಬೇ ಇದು? ಎತ್ತಿಗೆ ಹಾಕೂದು ತಂದು ನನ್ನ ಮುಂದ ಇಡತೀಯಲಾ?"

"ಎತ್ತಿಗೆ ಹಾಕಿ ಉಳದದ್ದರಿ," ಎಂದಳು. "ನಾವು ದಿನಾ ಉಣ್ಣೂದು ಇದನ್ನ. ಅಗದಿ ರುಚಿ ಇರತೈತಿ ಅಂತಾರಲ್ಲರಿ ಅತ್ತ್ಯಾರು."

ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು: "ಬಾಯಿ ಭಾಳ ಆಗೇತಿ. ನಾಕ ದಿನ ತವರಮನಿ ಕಂಡ ಬರಲಿ."

ಮರುದಿನ ಅವಳನ್ನು ಶಲವಡಿಗೆ ಕಳಿಸಿದರು. ಹಾಗೆ ಕಳಿಸಿದ ಸೊಸೆ ತಾನಾಗಿ ಮರಳುವಂತಿರಲಿಲ್ಲ; ಗಂಡನ ಮನೆಯಿಂದ ಯಾರಾದರೂ ಕರೆಯಲು ಹೋಗಬೇಕಿತ್ತು. "ಯಾರರ ಕರಿಯಾಕ ಬರ್ರಿ" ಎಂದು ಎರಡು ಕಾಗದ ಬರೆಸಿದಳು. ಎರಡನ್ನೂ ಓದಿ ಹೇಳಿದವಳು ನಾನೇ. ಕೇಳಿದ ಭಾವ ಎಲೆಅಡಿಕೆ ಮಡಚುತ್ತಲೇ ಇದ್ದರು. ಮಕ್ಕಳಿರಲಿಲ್ಲ, ಆದ್ದರಿಂದ ಅವಳ ಪರವಾಗಿ ಮಾತಾಡುವವರೂ ಇರಲಿಲ್ಲ. ನಾನಿದ್ದೆ, ಮಾತಾಡಲಿಲ್ಲ. ಆ ತಪ್ಪು ನನ್ನದು. ಅದನ್ನು ಬೇರೆಯವರ ಮೇಲೆ ಹಾಕುವುದಿಲ್ಲ. ಎರಡು ವರ್ಷ ಕಾದು ಅವಳು ಅಲ್ಲಿಯೇ ತೀರಿಕೊಂಡಳು.

ಈಗ ನಮ್ಮ ಯಾರ ಮನೆಯಲ್ಲಿಯೂ ಅವಳದೊಂದು ಫೋಟೋ ಇಲ್ಲ. ಅವಳ ಮುಖ ನನಗಿನ್ನೂ ಕಾಣುತ್ತದೆ, ದನಿ ಮಾತ್ರ ದೂರವಾಗುತ್ತಿದೆ… ನಾನೂ ಹೋದ ಮೇಲೆ ಅವಳನ್ನು ಕಂಡವರು ಎಂದು ಉಳಿಯುವವರು ನೀವಷ್ಟೇ. ಆದ್ದರಿಂದ ಭಾವನವರೇ, ಮೈದುನರೇ, ಇದೊಂದಕ್ಕೆ ಉತ್ತರ ಕೊಡಿ. ಅವಳ ಮಣ್ಣಿಗೆಂದು ನೀವಿಬ್ಬರೂ ಮುಂಜಾನೆಯೇ ಹತ್ತಿದ ಆ ಶಲವಡಿ ಬಸ್ಸು, ಅದಕ್ಕೂ ಮೊದಲಿನ ಎರಡು ವರ್ಷಗಳಲ್ಲಿ ನಿಮಗೆ ಒಂದು ದಿನವೂ ಸಿಗಲಿಲ್ಲವೇ?