ಕೊನೆಯ ಮನೆಯ ಕೀಲಿಕೈ

ಊರೊಳಗೆ ಉಡಚಮ್ಮನ ಮನೆ ಕೊನೆಯದು. ಆಕೆಯ ಹೊಲವೂ ಕಾಲುವೆಯ ಕೊನೆಯದೇ. ಹೇಮಗುಡ್ಡ ಎದುರಿಗೆ ಕಾಣುವ ಆ ಊರಿಗೆ ತುಂಗಭದ್ರೆಯ ನೀರು ಬಂದು ಎರಡು ತಲೆಮಾರಾಯಿತು. ಆದರೆ ಮೇಲಿನವರ ಗದ್ದೆ ತುಂಬಿ, ಅವರಿಗೆ ಸಾಕಾಗಿ, ಉಳಿದರೆ ಉಡಚಮ್ಮನಿಗೆ. ಅಲ್ಲಿ ಭತ್ತ ಬೆಳೆದ ವರ್ಷಕ್ಕಿಂತ ಸಜ್ಜೆ ಬೆಳೆದ ವರ್ಷವೇ ಹೆಚ್ಚು.

ಆ ಸಜ್ಜೆಯಿಂದಲೇ ಆಕೆ ರೊಟ್ಟಿ ಬಡಿದು ಮಾರಲು ಶುರು ಮಾಡಿದ್ದು. ಈಗ ಜೋಳದ ರೊಟ್ಟಿಯೂ ಸೇರಿದೆ. ರೊಟ್ಟಿ ಒತ್ತುವ ಯಂತ್ರವಿದೆ. ಗಂಗಾವತಿಯ ಖಾನಾವಳಿಗಳಿಗೆ ಇವಳ ಮನೆಯಿಂದಲೇ ರೊಟ್ಟಿ ಹೋಗುತ್ತದೆ. ಕಷ್ಟವೆಂದರೆ ಕರೆಂಟಿನದು. ರೊಟ್ಟಿಯ ಹೊತ್ತಿಗೆ ಹೋಗುತ್ತದೆ, ಮಲಗುವ ಹೊತ್ತಿಗೆ ಬರುತ್ತದೆ.

ಒಂದು ದಿನ ಮುಷರಫ ಬಂದ. ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವವನು, ಊರಿಗೆಲ್ಲ ಬೇಕಾದವನು. ಮೇಲಿನ, ಕೆಳಗಿನ ಓಣಿಯವರೆಲ್ಲ ಕೂಡಿ ಸೋಲಾರ್ ಹಾಕಿಸಿ, ಹುಟ್ಟಿದ ಕರೆಂಟು ಹಂಚಿಕೊಳ್ಳಬೇಕು ಎಂದು ಸಂಘ ಕಟ್ಟಲು ಓಡಾಡುತ್ತಿದ್ದ.

"ಚಿಗವ್ವ, ನಿನ್ನ ಮಾಳಗಿ ಬೇಕು ನಮಗ. ಇಷ್ಟು ಬಿಸಲು ಬೀಳೋ ಮಾಳಗಿ ಊರಾಗ ಇನ್ನೊಂದಿಲ್ಲ."

"ಬಿಸಲು ನಮ್ಮ ಪಾಲಿಗೆ ಯಾವತ್ತೂ ಭಾಳ ಬಿದ್ದೈತಿ ಬಿಡಪ. ಬರಲಾರದ್ದು ನೀರು," ಎಂದಳು ಉಡಚಮ್ಮ.

ಗಂಡ ಕಾಳಪ್ಪ ಬೀಡಿ ಆರಿಸಿ ನಕ್ಕ. "ಬಿಸಲಿಗೂ ಸಂಘ ಮಾಡಾಕ ಹತ್ತೀರಿ. ನಾಳೆ ಗಾಳಿಗೂ ರೊಕ್ಕ ಎತ್ತತೀರೇನೋ?"

"ಎಲ್ಲಾರಿಗೂ ಸಮಾ ಬರ್ತೈತಿ, ಕಾಕಾ."

"ಕಾಲುವಿ ತೋಡಿದಾಗೂ ಹಿಂಗ ಅಂದಿದ್ರಂತ," ಎಂದಳು ಉಡಚಮ್ಮ. "ನಮ್ಮತ್ತಿ ಆ ಮಾತು ಕೇಳಿಕೇಳಿನ ಮುದುಕ್ಯಾದ್ಲು."

"ಇದು ನೀರಲ್ಲ, ಚಿಗವ್ವ."

"ಹರಿಯೂದು ಯಾವುದಾದ್ರೂ ಒಂದ. ತೂಬು ಯಾರ ಕೈಯಾಗ ಐತೋ, ಬೆಳಿ ಅವರದು."

ಮುಷರಫ ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟ. ಆಮೇಲೆ ಕೇಳಿದ: "ಹಂಗಾರ ಈ ಕರೆಂಟಿನ ತೂಬು ಎಲ್ಲಿ ಇಡೂಣು, ಹೇಳು."

"ನನ್ನ ಪಡಸಾಲ್ಯಾಗ."

ಸಂಘದ ಸಭೆಯಲ್ಲಿ ಇದಕ್ಕೆ ಸುಲಭಕ್ಕೆ ಒಪ್ಪಿಗೆ ಸಿಗಲಿಲ್ಲ. ಮೇಲಿನ ಓಣಿಯ ಪಂಪಾಪತಿಗೆ ಸಣ್ಣ ಗಿರಣಿ ಇದೆ, ಕಾಲುವೆ ತೂಬಿನ ಬಾಯಲ್ಲೇ ಗದ್ದೆ ಇದೆ. "ರೊಟ್ಟಿ ಬಡಿಯೋ ಉಡಚಿ ಕೈಗೆ ಕರೆಂಟಿನ ಕೀಲಿಕೈ ಕೊಡೂದಾ?" ಎಂದ.

"ಇಷ್ಟು ವರ್ಷ ತೂಬು ನಿಮ್ಮ ಕೈಯಾಗ ಇತ್ತಲ್ರಿ, ಪಂಪಣ್ಣ. ನನ್ನ ಹೊಲ ಒಮ್ಮೆ ನೋಡ್ಕೊಂಡು ಬರ್ರಿ, ಆಮ್ಯಾಲೆ ಮಾತಾಡೂಣು," ಎಂದಳು ಉಡಚಮ್ಮ.

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಪಂಪಾಪತಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಮಾಳಿಗೆ ಇಲ್ಲದೆ ಸಂಘ ಇಲ್ಲ. ಕೊನೆಗೆ ಒಪ್ಪಿದರು. ಬ್ಯಾಟರಿ, ಸ್ವಿಚ್ಚಿನ ಪೆಟ್ಟಿಗೆ ಎರಡೂ ಉಡಚಮ್ಮನ ಪಡಸಾಲೆಯಲ್ಲಿ. ಹಸಿರು ದೀಪ ಉರಿದರೆ ಎಲ್ಲರ ಯಂತ್ರವೂ ಓಡಬಹುದು. ಕೆಂಪು ಬಂದರೆ ಒಂದೊಂದೇ ಯಂತ್ರ, ಪಾಳಿಯ ಮೇಲೆ. ಯಂತ್ರ ಇದ್ದವರ ಪಾಳಿ ಕೊನೆಯ ಮನೆಯಿಂದ ಮೇಲಕ್ಕೆ.

ಬೇಸಿಗೆಯೆಲ್ಲ ಹಸಿರೇ ಉರಿಯಿತು. ಶ್ರಾವಣದಲ್ಲಿ ಮೋಡ ಕವಿದು ಒಂದು ಮುಂಜಾನೆ ಕೆಂಪು ಬಂತು. ಹೊರಗಿನ ಕರೆಂಟು ಗಾಳಿಗೆ ಹೋಗಿತ್ತು. ಉಡಚಮ್ಮ ರೊಟ್ಟಿ ಶುರು ಮಾಡಿದ್ದಳಷ್ಟೇ, ಪಂಪಾಪತಿ ಬಾಗಿಲಿಗೆ ಬಂದು ನಿಂತ.

"ಯಕ್ಕಾ, ಗಿರಾಕಿ ನಿಂತಾರ. ಈಟು ನಂಗ ಮೊದಲು ಬಿಡು."

ಇಷ್ಟು ವರ್ಷ 'ಉಡಚಿ' ಎಂದವನ ಬಾಯಲ್ಲಿ 'ಯಕ್ಕಾ'. ಕೇಳಿ ಆಕೆಯ ಕೈ ತಾನಾಗಿಯೇ ಯಂತ್ರ ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ಮೇಲಿನವರು ಕೇಳಿದರೆ ಬಿಟ್ಟುಕೊಟ್ಟು ರೂಢಿಯಾದ ಕೈ ಅದು.

"ಕೊಟ್ಟುಬಿಡ. ದೊಡ್ಡ ಮಂದಿ," ಎಂದು ಕಾಳಪ್ಪ ಪಿಸುಗುಟ್ಟಿದ.

ಪಕ್ಕದ ಮನೆಯ ನೇತ್ರಾವತಿ ಹೊಲಿಗೆ ಯಂತ್ರದ ಮುಂದೆ ಕೂತು ಇತ್ತಲೇ ನೋಡುತ್ತಿದ್ದಳು. ಮುಂದಿನ ಪಾಳಿ ಅವಳದು. ಇವತ್ತು ಒಂದು ಸಲ ಬಿಟ್ಟರೆ ನಾಳೆ ಇದೂ ಕಾಲುವೆಯೇ. ಉಡಚಮ್ಮ ಕೈ ಹಿಂದೆ ತೆಗೆದಳು.

"ನನ್ನ ಪಾಳಿ ಮುಗೀಲಿ, ನೇತ್ರಾವತಿದು ಮುಗೀಲಿ. ಆಮ್ಯಾಲೆ ನಿಮ್ಮದು. ಕುಂದರ್ರಿ, ಪಂಪಣ್ಣ."

ಪಂಪಾಪತಿ ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಕೊನೆಗೆ ಕಟ್ಟೆಯ ಮೇಲೆ ಕೂತ. ಉಡಚಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ದಾರಿಯಲ್ಲಿ ಹೋಗುವವರು ತಿರುತಿರುಗಿ ನೋಡಿದರು.

"ಹಿಂಗ ಕಾಯೂದು ಭಾಳ ಬ್ಯಾಸರ ನೋಡಪ," ಎಂದ ಪಂಪಾಪತಿ, ರೊಟ್ಟಿ ಮುರಿಯುತ್ತ.

"ರೂಢಿ ಆಗ್ತೈತಿ ಪಂಪಣ್ಣ," ಎಂದ ಕಾಳಪ್ಪ. "ನಮಗ ಆಗಿಲ್ಲೇನು?"

ಪಂಪಾಪತಿ ಅವನ ಮುಖ ನೋಡಿದ. ಇನ್ನೊಂದು ರೊಟ್ಟಿ ಕೇಳಿದ.

ನೇತ್ರಾವತಿಯ ಯಂತ್ರ ನಿಂತಿತು. ಉಡಚಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಪೆಟ್ಟಿಗೆ ತೆರೆದು ಮೇಲಿನ ಓಣಿಗೆ ಕರೆಂಟು ಬಿಟ್ಟಳು.

"ಹೋಗ್ರಿ, ನಿಮ್ಮ ಪಾಳಿ. ಒಂದೀಟೂ ಕಡಿಮಿ ಇಲ್ಲ."

ಕಡಿಮೆ ಇರಲಿಲ್ಲ. ಆ ಮಳೆಗಾಲದಲ್ಲಿ ಯಾರ ಪಾಳಿಯೂ ಕಡಿಮೆಯಾಗಲಿಲ್ಲ.

ಈ ವರ್ಷದ ಸಭೆಯಲ್ಲಿ, ಪೆಟ್ಟಿಗೆ ಎಲ್ಲಿರಬೇಕು ಎಂದು ಮತ್ತೆ ಮಾತು ಬಂತು. ಮೊದಲು ಎದ್ದವನು ಪಂಪಾಪತಿಯೇ.

"ಅಕ್ಕನ ಮನ್ಯಾಗ ಇರ್ಲಿ. ಅಲ್ಲಿ ಕಾಯಬೇಕಾಗ್ತೈತಿ, ಖರೆ. ಆದ್ರ ಕಾದದ್ದು ಬರ್ತೈತಿ."

ಉಡಚಮ್ಮ ಹೆಂಗಸರ ಸಾಲಿನ ಮುಂದೆ ಕೂತಿದ್ದಳು. ತಲೆ ತಗ್ಗಿಸಲಿಲ್ಲ.