ಅಜ್ಜೀಪುರದಲ್ಲಿ ನಿಂತ ಕರೆಂಟ್ ಆಟೊ

ಚಂದನಾ, ನಿತಿನ್, ಕೇಳಿ. ನಮ್ಮ ಪಕ್ಕದ ಮನೆಯ ಲೈನ್‌ಮನ್ ಅಣ್ಣ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬೆರಳು ಮಡಿಸಿ, ಹಿಂಬದಿಯಿಂದ ಒಮ್ಮೆ ಸೋಕಿಸಿ, ಆಮೇಲೆ ಹಿಡಿಯುತ್ತಿದ್ದರು. ಟೀ ಲೋಟವಾದರೂ ಅಷ್ಟೇ, ಬಾಗಿಲ ಚಿಲಕವಾದರೂ ಅಷ್ಟೇ, ಜ್ವರ ಬಂದ ಮಗುವಿನ ಹಣೆಯಾದರೂ ಅಷ್ಟೇ. ಯಾಕೆಂದು ಒಮ್ಮೆ ಕೇಳಿದ್ದೆ. "ಅಂಗೈಲಿ ಮುಟ್ಟುದ್ರೆ ಕರೆಂಟ್ಗೆ ಕೈ ಮುಚ್ಕೊಂಬುಡ್ತದೆ ಕಣವ್ವ, ಬುಡು ಅಂದ್ರೂ ಬುಡಲ್ಲ" ಅಂದರು. ಲೈನ್ ಆಫ್ ಮಾಡಿಸಿದ ಮೇಲೂ ತಂತಿಯನ್ನು ನಂಬದೆ ಕಂಬದ ಮೇಲೆ ಮೂವತ್ತು ವರ್ಷ ಕಳೆದ ಕೈ ಅದು. ಕೆಲಸ ಬಿಟ್ಟ ಮೇಲೂ ಅಭ್ಯಾಸ ಬಿಡಲಿಲ್ಲ.

ಹೋದ ಭಾನುವಾರ ನೀವು ಕೊಳ್ಳೇಗಾಲದಿಂದ ಬಂದಾಗ, ಅಪ್ಪ ಪೆಟ್ರೋಲ್ ಕಾರು ತಗೋಬೇಕೋ ಕರೆಂಟಿನದೋ ಎಂದು ಜಗಲಿಯಲ್ಲಿ ಜಗಳವಾಡಿದಿರಲ್ಲ, ನಾನು ಒಳಗೆ ರಾಗಿ ಕೇರುತ್ತ ಕೇಳಿಸಿಕೊಂಡೆ. "ಲೈನ್‌ಮನ್ ತಾತನ ಆಟೊ ಅಜ್ಜೀಪುರದಲ್ಲೇ ನಿಂತೋಯ್ತಲ್ಲ, ಕರೆಂಟ್ ಗಾಡಿ ಕಥೆ ಅಷ್ಟೇ" ಎಂದು ನಿತಿನ್ ನಕ್ಕ. ನಮ್ಮ ಕುಂತೂರಿನಲ್ಲಿ ಎಲ್ಲರೂ ಹಾಗೆಯೇ ಹೇಳಿ ನಗುತ್ತಾರೆ. ಆ ಆಟೊದಲ್ಲಿ ಕುಳಿತಿದ್ದವಳು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿವೃತ್ತಿಯಾದ ವರ್ಷವೇ ಅವರು ಆ ಆಟೊ ತಂದರು. ನಮ್ಮ ಗೋಡೆಗೆ ಅಂಟಿಕೊಂಡಿರುವ ಟೀ ಅಂಗಡಿಯಲ್ಲಿ ಅಂದಿನಿಂದ ದಿನವೂ ಅದೇ ವಾದ. ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರಾಕ್ಟರಿನವನೊಬ್ಬ ಅವರ ಮುಖ್ಯ ಎದುರಾಳಿ.

"ಏನಣ್ಣ, ನಿನ್ ಗಾಡಿ ಬೆಕ್ಕು ಬಂದಂಗೆ ಬತ್ತದಲ್ಲ, ಇಂದ್ಗಡೆಯಿಂದ ಗುದ್ದುದ್ರೂ ಗೊತ್ತಾಗಲ್ಲ" ಅನ್ನುತ್ತಿದ್ದ ಅವನು.

"ನಿನ್ ಟ್ರಾಕ್ಟ್ರು ಬುಡೋ ಒಗೆ ಕುಡ್ದು ಕುಡ್ದು ನಿನ್ ಮೀಸೆ ಕಪ್ಪಗಾಗ್ಬುಟ್ಟದೆ ಕಣ್ಲಾ. ಬಣ್ಣ ಅಚ್ಚೋ ಕೆಲ್ಸ ತಪ್ತು" ಅನ್ನುತ್ತಿದ್ದರು ಇವರು.

"ಆಗ್ಲಿ, ರಾಮಾಪುರ ಮುಟ್ಸಿ ತೋರ್ಸು ನೋಡವ. ಮೀಸೆ ಬೋಳಿಸ್ಕೊತೀನಿ."

ನಾನು ಗೋಡೆಯ ಈಚೆ ಪಾತ್ರೆ ತೊಳೆಯುತ್ತ ನಗುತ್ತಿದ್ದೆ. ನಿಮ್ಮ ತಾತ ತೀರಿಕೊಂಡ ಮೇಲೆ ನನಗೆ ಹೊರಗಿನ ಮಾತೆಂದರೆ ಆ ಗೋಡೆಯಾಚೆಯ ಮಾತಷ್ಟೇ ಆಗಿತ್ತು.

ಒಂದು ಬೆಳಗ್ಗೆ ರಾಮಾಪುರದಿಂದ ಫೋನ್ ಬಂತು. ನನ್ನ ಅಕ್ಕ ಅನ್ನ ನೀರು ಬಿಟ್ಟಿದ್ದಾಳೆ, ನನ್ನನ್ನೇ ಕೇಳುತ್ತಿದ್ದಾಳೆ ಎಂದರು. ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಕೊಳ್ಳೇಗಾಲ, ಹನೂರು ಎಂದು ಬಸ್ಸು ಬದಲಿಸಿ ಒಬ್ಬಳೇ ಹೋದವಳಲ್ಲ ನಾನು. ಸೆರಗು ಬಾಯಿಗಿಟ್ಟುಕೊಂಡು ಬಾಗಿಲಲ್ಲಿ ನಿಂತೆ. ಅಣ್ಣ ನೋಡಿದರು. ರಾಮಾಪುರದ ಅಕ್ಕ ಎಂದಷ್ಟೇ ಹೇಳಿದೆ. "ಗಾಡಿ ಅತ್ತು ತಂಗಿ" ಎಂದು ಆಟೊ ತೆಗೆದರು.

ಹನೂರಿನಲ್ಲಿ ಚಾರ್ಜ್ ಹಾಕುವ ಜಾಗವಿದೆ ಎಂದು ಅವರ ಫೋನಿನ ನಕ್ಷೆ ತೋರಿಸಿತ್ತು. ಜಾಗವೇನೋ ಇತ್ತು. ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ ದಾರ ಕಟ್ಟಿದ್ದರು. "ಇನ್ನೂ ಓಪನಿಂಗ್ ಆಗಿಲ್ಲ ಸಾ" ಎಂದ ಅಲ್ಲಿದ್ದವನು. ಹನೂರಿನಲ್ಲೇ ಯಾವುದಾದರೂ ಹೋಟೆಲಿನಲ್ಲಿ ಹಾಕಿಕೊಳ್ಳಬಹುದಿತ್ತು. ನನ್ನ ಮುಖ ನೋಡಿ, ಇರುವಷ್ಟು ಚಾರ್ಜ್ ಸಾಕಾಗುತ್ತದೆಂದು ಹೊರಟುಬಿಟ್ಟರು. ಅದೇ ತಪ್ಪಾಯಿತು. ಏರು ರಸ್ತೆ ಎಲ್ಲವನ್ನೂ ನುಂಗಿತು. ಅಜ್ಜೀಪುರದ ಬಳಿ ಆಟೊ ಸದ್ದಿಲ್ಲದೆ ಬಂದ ಹಾಗೆಯೇ ಸದ್ದಿಲ್ಲದೆ ನಿಂತಿತು.

ಗಾಳಿಗೆ ಕಂಬ ಬಿದ್ದು ಊರಿನ ಮನೆಗಳಲ್ಲಿ ಕರೆಂಟಿರಲಿಲ್ಲ. ಪಕ್ಕದ ಹೊಲದಲ್ಲಿ ಮಾತ್ರ ಮೋಟರು ನೀರು ಸುರಿಯುತ್ತಿತ್ತು. ಪಂಪ್‌ಸೆಟ್ಟಿನ ಲೈನು ಬೇರೆ. ಹೊಲದವನು ಒಳ್ಳೆಯವನು. "ಬನ್ನಿ ಸಾ, ನಮ್ ಪಂಪ್‌ಸೆಟ್ಟಿಂದ ವಯರ್ ಎಳ್ಕೊಳಿ. ಒಂದ್ ಗಂಟೇಲಿ ರಾಮಾಪುರ ಮುಟ್ಟೋ ಅಷ್ಟಾಯ್ತದೆ" ಅಂದ.

ಅಣ್ಣ ಆ ಸ್ಟಾರ್ಟರ್ ಪೆಟ್ಟಿಗೆಯ ತನಕ ಹೋದರು. ಬೆರಳಿನ ಹಿಂಬದಿ ಸೋಕಿಸಿದರು. ಕೈ ತೆಗೆದರು. "ಇದು ಒಲಕ್ಕೆ ಅಂತ ಪುಕ್ಕಟೆ ಕೊಡೋ ಕರೆಂಟು ಕಣಪ್ಪ. ಇದ್ರಿಂದ ಬೇರೇದಕ್ಕೆ ಎಳ್ದವ್ರ ವಯರ್ನ ನಾನೇ ಕಿತ್ತಾಕಿವ್ನಿ. ನನ್ಗೆ ಬ್ಯಾಡ" ಅಂದರು.

ನನಗೆ ಎಂಥ ಸಿಟ್ಟು ಬಂತೆಂದರೆ! ಅಕ್ಕ ಅಲ್ಲಿ ಸಾಯುತ್ತಿದ್ದಾಳೆ, ಇವರಿಗೆ ನೇಮವಂತೆ ಎಂದು ಮನಸ್ಸಿನಲ್ಲೇ ಶಪಿಸಿದೆ. ಅಷ್ಟರಲ್ಲಿ ಅವರು ಓಡಿ ಹೋಗಿ ನಡುರಸ್ತೆಯಲ್ಲಿ ಎರಡು ಕೈ ಅಗಲಿಸಿ ನಿಂತರು. ಟೊಮೆಟೊ ಪೆಟ್ಟಿಗೆ ತುಂಬಿದ್ದ ಗೂಡ್ಸ್ ಗಾಡಿಯೊಂದು ಕಪ್ಪು ಹೊಗೆ ಬಿಡುತ್ತ ಬಂದು ಅವರ ಎದೆಯ ಮುಂದೆಯೇ ಬ್ರೇಕ್ ಹಾಕಿತು. ವರ್ಷವೆಲ್ಲ ಡೀಸೆಲ್ಲನ್ನು ಹಂಗಿಸಿದವರು ಆ ಡ್ರೈವರಿಗೆ ಕೈಮುಗಿದು, "ಈ ನನ್ ತಂಗೀನ ರಾಮಾಪುರದಲ್ಲಿ ಮನೆ ಬಾಗ್ಲಿಗೇ ಬುಟ್ಬುಡಪ್ಪ" ಅಂದರು. ನನ್ನನ್ನು ಮುಂದೆ ಕೂರಿಸಿದರು. "ನನ್ ಗಾಡಿ ಸೋತ್ರೆ ಸೋತೋಗ್ಲಿ. ನೀ ಓಗವ್ವ."

ಅಕ್ಕ ಬದುಕಿದ್ದಳು. ನನ್ನನ್ನು ಗುರುತು ಹಿಡಿದಳು. "ಉಂಡ್ಯಾ ಮಗಾ?" ಅಂದಳು. ಅಷ್ಟೇ ಅವಳ ಕೊನೆಯ ಮಾತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋದಳು. ಇವತ್ತಿಗೂ ಉಣ್ಣಲು ಕುಳಿತಾಗಲೆಲ್ಲ ಆ ಮಾತು ಕೇಳಿಸುತ್ತದೆ. ಅದು ನನಗೆ ಸಿಕ್ಕಿದ್ದು ಅಣ್ಣನಿಂದ.

ನಾನು ಊರಿಗೆ ಮರಳಿದ ಬೆಳಗ್ಗೆ ಟೀ ಅಂಗಡಿ ತುಂಬಿತ್ತು. ಟ್ರಾಕ್ಟರಿನವನು ಮೀಸೆ ತಿರುವುತ್ತಿದ್ದ.

"ಏನಣ್ಣ, ಅಜ್ಜೀಪುರದಲ್ಲಿ ಗಾಡಿ ನಿದ್ದೆ ಓಯ್ತಂತೆ?"

"ಊಂ ಕಣಪ್ಪ, ನಿಂತೋಯ್ತು. ನಿನ್ ಮೀಸೆ ಉಳೀತು. ಎಲ್ರಿಗೂ ನನ್ ಲೆಕ್ಕದಲ್ಲಿ ಟೀ ಕೊಡಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ಪಂಪ್‌ಸೆಟ್ಟಿನ ಮಾತು ಅವರು ಎತ್ತಲೇ ಇಲ್ಲ. ಒಂದು ವಯರು ಎಳೆದಿದ್ದರೆ ಆ ಪಂದ್ಯ ಗೆಲ್ಲುತ್ತಿದ್ದರು ಎಂದು ಆ ಅಂಗಡಿಯ ಬಳಿ ಇದ್ದವರಲ್ಲಿ ಇನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ನಾನೇ, ಬಾಗಿಲ ಸಂದಿಯಲ್ಲಿ ನಿಂತಿದ್ದೆ. ನಾಲ್ಕು ಹೆಜ್ಜೆ ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಂಡಸರ ನಡುವೆ ಹೇಗೆ ಹೋಗುವುದೆಂದು ಸೆರಗು ಹೊದ್ದು ಒಳಗೆ ಬಂದೆ. ನಾಳೆ ಹೇಳೋಣ ಎಂದುಕೊಂಡೆ. ಹಾಗೆಯೇ ಎರಡು ವರ್ಷ ಹೋಯಿತು.

ಹೋದ ಸುಗ್ಗಿಯಲ್ಲಿ ಅಣ್ಣ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಚಾರ್ಜ್ ಹಾಕುತ್ತಿದ್ದ ಉದ್ದನೆಯ ಕಪ್ಪು ವಯರು ಇನ್ನೂ ಅವರ ಗೋಡೆಯ ಮೊಳೆಗೆ ಸುತ್ತಿ ನೇತಾಡುತ್ತಿದೆ. ಬೆಳಗ್ಗೆ ನೀರಿಗೆ ಹೋಗುವಾಗ ನೋಡುತ್ತೇನೆ. ಗೋಡೆಯಾಚೆ ಈಗಲೂ ಮಾತಿದೆ, ಆ ಮಾತಿಗೆ ತಿರುಗೇಟು ಕೊಡುವವರಿಲ್ಲ. ನನ್ನ ಫೋನು ಚಾರ್ಜಿನಲ್ಲಿ ಬಿಸಿಯಾಗಿದೆಯೇ ಎಂದು ನೋಡುವಾಗ ನನಗೆ ಗೊತ್ತಿಲ್ಲದೆಯೇ ಬೆರಳು ಮಡಚಿಕೊಳ್ಳುತ್ತವೆ.

ಯಾವ ಕಾರು ತರಬೇಕೆಂದು ನನಗೆ ಗೊತ್ತಿಲ್ಲ ಮಕ್ಕಳೇ. ಆದರೆ ಆ ಅಂಗಡಿಯಲ್ಲಿ ಮತ್ತೆ ಯಾರಾದರೂ ಅಜ್ಜೀಪುರದ ಮಾತೆತ್ತಿ ನಕ್ಕರೆ, ನಿತಿನ್, ನೀನು ನಗಬೇಡ. ಇದನ್ನು ಜೋರಾಗಿ ಓದಿ ಹೇಳು. ಅವರ ಎದುರು ನಿಂತು ಹೇಳಲು ನಿಮ್ಮ ಅಜ್ಜಿಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಅಲ್ಲಿಯವರೆಗೆ ಈ ಹಾಳೆಗಳನ್ನು ನೀರು ತಾಗದ ಕಡೆ, ಜೋಪಾನವಾಗಿ ಇಟ್ಟುಕೊಳ್ಳಿ.