ಸರ್ ಕೈಯಿಂದ ಇಸಿದುಕೊಂಡ ಬ್ಯಾಗ್

ಎರಡು ವರ್ಷದ ಹಿಂದಿನ ಬಕ್ರೀದ್ ರಜೆಯ ಎರಡನೇ ದಿನ, ಮಧ್ಯಾಹ್ನ ಹನ್ನೆರಡೂವರೆಗೆ, ನಾನು ಒಮಾನ್ ದೇಶದ ಒಂದು ಕಲ್ಲುಕಣಿವೆಯಲ್ಲಿ ನಿಂತಿದ್ದೆ. ನನ್ನ ಎಡಕ್ಕೆ ಒಣಗಿದ ಹೊಳೆಯ ಪಾತ್ರ. ಬಲಕ್ಕೆ ಮನೆಯೆತ್ತರದ ಬಂಡೆ. ಆ ಬಂಡೆಗೆ ಒರಗಿ ರಾಮಚಂದ್ರಪ್ಪ ಸರ್ ಕೂತಿದ್ದರು. ಕೈಚಾಚಿದರೆ ಸಿಗುವಷ್ಟು ಹತ್ತಿರ. ನಾನು ನೋಡಿದ್ದು ಅಲ್ಲಿಂದ.

ಇಷ್ಟು ಕರಾರುವಾಕ್ಕಾಗಿ ಯಾಕೆ ಬರೆಯುತ್ತಿದ್ದೇನೆ? ಅವರ ಮಗಳು ಕೇಳಿದ್ದಾಳೆ, ಅದಕ್ಕೆ.

ಕಳೆದ ಭಾನುವಾರ ಶ್ವೇತಾ ಹೆಬ್ಬಾಳದಲ್ಲಿ ಸಿಕ್ಕಳು. ಸಿಕ್ಕಳು ಎನ್ನುವುದು ಸರಿಯಲ್ಲ. ಅವಳೇ ಫೋನ್ ಮಾಡಿ ಕರೆಸಿದಳು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಡ್ಯೂಟಿ ಮುಗಿಸಿ, ಫ್ಲೈಓವರ್ ಪಕ್ಕದ ಟೀ ಅಂಗಡಿಯ ಮುಂದೆ ನಿಂತಿದ್ದಳು. (ಆ ಜಾಗದಲ್ಲಿ ಮಾತಾಡಬೇಕಾದರೆ ಕೂಗಬೇಕು. ಅವಳು ಕೂಗಲಿಲ್ಲ. ನಾನೇ ಬಗ್ಗಿ ಕೇಳಿಸಿಕೊಂಡೆ.)

"ಮುಂದಿನ ವಾರ ಅಪ್ಪನ ತಿಥಿ ಅಂಕಲ್. ಅದಕ್ಕೆ ಮುಂಚೆ ಒಂದ್ ವಿಷ್ಯ ಗೊತ್ತಾಗ್ಬೇಕು. ಕೊನೇಲಿ ಅಪ್ಪ ಒಬ್ರೇ ಇದ್ರಾ?"

ನಾನು ಶುರು ಮಾಡಿದೆ. "ನೋಡಮ್ಮಾ, ಎಲ್ಲ ಒಂದೇ ಕ್ಷಣದಲ್ಲಿ..."

"ಅದನ್ನ ಅವತ್ತು ನಿಮ್ ಜೊತೆಗಿದ್ದ ಮಂಜು ಅಂಕಲ್ ಹೇಳಾಯ್ತು. ಬಿದ್ರು, ಹೋದ್ರು, ನೋವೇ ಆಗ್ಲಿಲ್ಲ ಅಂತ. ಇರ್ಫಾನ್ ಅಂಕಲ್ ಮನೆಗೆ ಬಂದಾಗ, ಅಪ್ಪ ನನ್ ಹೆಸ್ರು ಹೇಳಿ ಕಣ್ಮುಚ್ಚಿದ್ರು ಅಂದ್ರು. ಜೋಯಲ್ ಅಂಕಲ್ ವಿಡಿಯೋ ಕಾಲಲ್ಲಿ, ನಗ್ತಾ ಇದ್ರು ಅಂದ್ರು. ಬಿಸಿಲು ಬಡಿದು ಹೋಗೋರು ಹಂಗೆ ಹೋಗಲ್ಲ ಅಂಕಲ್. ನಾನ್ ವಾರ್ಡಲ್ಲಿ ನೋಡಿದೀನಿ. ಮೂರು ಜನ ಸೇರಿ ನಂಗೆ ಮೂರು ಅಪ್ಪಂದಿರನ್ನ ಕೊಟ್ಟಿದಾರೆ. ನಾನು ಯಾರಿಗೆ ಎಡೆ ಇಡ್ಲಿ?"

ಟೀ ಆರುತ್ತಿತ್ತು. ನಾಲ್ಕನೇ ಅಪ್ಪನನ್ನು ಕೊಡಲು ಹೊರಟಿದ್ದವನು ಬಾಯಿ ಮುಚ್ಚಿದೆ.

"ನನ್ ಮುಖ ನೋಡ್ಕೊಂಡ್ ಹೇಳಿದ್ರೆ ನೀವೂ ಬದಲಾಯಿಸ್ತೀರ. ವಾರ ವಾರ ಪೇಪರಲ್ಲಿ ಬರೀತೀರಲ್ಲ, ಅದ್ರಲ್ಲಿ ಬರೀರಿ. ಓದ್ಕೋತೀನಿ."

"ಅಮ್ಮ?"

"ಅಮ್ಮನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಓದ್ತೀನಿ."

ಸಾವಿನ ಮನೆಗೆ ಹೋಗುವಾಗ ದಾರಿಯಲ್ಲೇ ಒಂದು ಸುಳ್ಳನ್ನು ರೆಡಿ ಮಾಡಿಕೊಳ್ಳುತ್ತೇವೆ. ನೀವೂ ಮಾಡಿಕೊಂಡಿರುತ್ತೀರಿ. ಆ ಸುಳ್ಳಿನಿಂದ ಸಮಾಧಾನ ಆಗುವುದು ಯಾರಿಗೆ?

ಹಾಗಾಗಿ ಈ ವಾರದ ಅಂಕಣದಲ್ಲಿ, ಅಂದು ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಆಗ ನಾವು ಐವರೂ ಮಸ್ಕತ್‌ನ ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿದ್ದೆವು. ರಾಮಚಂದ್ರಪ್ಪ ಸರ್ ಚಿಕ್ಕಜಾಲದವರು, ಮನೆ ಯಲಹಂಕದಲ್ಲಿ. ಅಕೌಂಟ್ಸ್ ಹೆಡ್. ಗೊರಗುಂಟೆಪಾಳ್ಯದ ಮಂಜು, ಆರ್.ಟಿ. ನಗರದ ಇರ್ಫಾನ್, ಫಿಲಿಪೀನ್ಸ್‌ನ ಜೋಯಲ್ ಮತ್ತು ನಾನು ವಯಸ್ಸಿನಲ್ಲೂ ಹುದ್ದೆಯಲ್ಲೂ ಅವರಿಗಿಂತ ಚಿಕ್ಕವರು. ಕಣಿವೆಯ ಮೇಲ್ತುದಿಯಲ್ಲಿ ನೀರಿನ ಮಡುವಿದೆ, ಹತ್ತಿ ಹೋಗಿ ಈಜೋಣ ಎಂದು ಇರ್ಫಾನ್ ಪ್ಲಾನ್ ಹಾಕಿದ. ಸರ್ ತಾವೂ ಬರುತ್ತೇನೆಂದರು. ಬೆಳಗ್ಗೆ ಬೇಗ ಎದ್ದು ಎಲ್ಲರಿಗೂ ಪುಳಿಯೋಗರೆ ಕಲಸಿ ತಂದರು. ಹೊಸ ಶೂ ಹಾಕಿದ್ದರು. "ಮದುಮಗ ಹೊರಟಂಗಿದೆ ಸರ್" ಎಂದು ಇರ್ಫಾನ್ ರೇಗಿಸಿದ. ಸರ್ ನಕ್ಕರು. (ಅವರು ನಕ್ಕದ್ದನ್ನು ನಾನು ನೋಡಿದ್ದು ಆಗ. ಆಮೇಲಲ್ಲ.)

ದಾರಿ ಎಂಬುದು ಇರಲಿಲ್ಲ. ಕಾಲಿಟ್ಟರೆ ಉರುಳುವ ಕಲ್ಲು. ಬಿಸಿಲು ಮೇಲಿನಿಂದ ಬಂದಷ್ಟೇ ಬಂಡೆಯಿಂದಲೂ ಬರುತ್ತಿತ್ತು. ಸ್ವಲ್ಪ ಹೊತ್ತಿಗೇ ಸರ್ ಹಿಂದೆ ಬಿದ್ದರು. ಮಂಜು ಕೆಳಗಿಳಿದು ಹೋದ.

"ಬ್ಯಾಗ್ ಕೊಡಿ ಸರ್ ಇಲ್ಲಿ. ನಾವಿದ್ದೂ ನೀವ್ ಹೊರೋದಾ?"

"ಪರ್ವಾಗಿಲ್ಲ ಬಿಡಪ್ಪ."

"ಚೆನ್ನಾಗಿರಲ್ಲ ಸರ್. ಕೊಡಿ."

ಕೊಟ್ಟರು.

ಇದರಲ್ಲಿ ತಪ್ಪೇನು? ಹಿರಿಯರು ಬಸ್ ಇಳಿದರೆ ಓಡಿಹೋಗಿ ಅವರ ಚೀಲ ಇಸಿದುಕೊಳ್ಳುತ್ತೇವೆ. ಬೆಳೆದದ್ದೇ ಹಾಗೆ. ಆ ಬ್ಯಾಗ್ ಮಂಜುವಿನ ಹೆಗಲಿನಿಂದ ಇರ್ಫಾನನ ಹೆಗಲಿಗೆ, ಅಲ್ಲಿಂದ ನನ್ನ ಹೆಗಲಿಗೆ ಬಂತು. ಭಾರವಿತ್ತು. ಪುಳಿಯೋಗರೆಯ ಭಾರ ಎಂದುಕೊಂಡೆವು.

ಜೋಯಲ್ ಒಬ್ಬನೇ ನಿಂತು ಹಿಂದಕ್ಕೆ ನೋಡಿದ. ಅವರಿಗೆ ಆಗುತ್ತಿಲ್ಲ, ವಾಪಸ್ ಹೋಗಲು ಯಾರಾದರೂ ಹೇಳಿ ಎಂದ. ಮಂಜು ನನ್ನ ಕಡೆ ತಿರುಗಿ, "ಸರ್‌ಗೆ ಹೋಗಿ ನಿಮ್ ಕೈಲಾಗಲ್ಲ ಅನ್ನೋಕಾಗತ್ತಾ ಗುರು?" ಎಂದ. ಅಷ್ಟರಲ್ಲಿ ಕೆಳಗಿನಿಂದ ಸರ್ ಕೂಗಿದರು. "ನೀವ್ ನಡೀರಪ್ಪ. ಹಿಂಗೆ ನಿಂತ್ಕೊಂಡ್ ನೋಡ್ತಿದ್ರೆ ನಂಗೇ ಒಂಥರಾ ಆಗತ್ತೆ."

ಅವರಿಗೆ ಒಂಥರಾ ಆಗಬಾರದೆಂದು ನಾವು ತಿರುಗಿ ನೋಡದೆ ನಡೆದೆವು. ಅದೂ ಮರ್ಯಾದೆಯೇ.

ಮಡುವಿನಲ್ಲಿ ಈಜಿದೆವು. ಹಸಿವಾಯಿತು. ಸರ್ ಕಲಸಿದ ಅನ್ನವನ್ನು ಅವರನ್ನು ಬಿಟ್ಟು ತಿನ್ನುವುದು ಹೇಗೆಂದು ಕಾದೆವು. ಬರಲಿಲ್ಲ. ಡಬ್ಬಿಯನ್ನಾದರೂ ತೆಗೆದಿಡೋಣ ಎಂದು ಇರ್ಫಾನ್ ಬ್ಯಾಗಿನ ಜಿಪ್ ಎಳೆದ. ಡಬ್ಬಿಯ ಪಕ್ಕದಲ್ಲಿ ಎರಡು ದೊಡ್ಡ ನೀರಿನ ಬಾಟಲಿ. ಎರಡೂ ತುಂಬಿದ್ದವು. ಮುಚ್ಚಳದ ಸೀಲ್ ಒಡೆದಿರಲಿಲ್ಲ.

ಅವರ ನೀರನ್ನೆಲ್ಲ ನಾವು ಹೊತ್ತು ತಂದಿದ್ದೆವು.

ಬರಿಗಾಲಿನಲ್ಲೇ ಓಡಿದೆವು.

ಶ್ವೇತಾ, ಇನ್ನು ನಿನ್ನ ಪ್ರಶ್ನೆಗೆ.

ಹೌದು, ಅಪ್ಪ ಒಬ್ಬರೇ ಇದ್ದರು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಒಂದು ಗಂಟೆಗಿಂತ ಕಡಿಮೆಯಂತೂ ಇಲ್ಲ. ನೆರಳಿರಲಿಲ್ಲ. ಶೂ ಬಿಚ್ಚಿ, ಮನೆ ಬಾಗಿಲಲ್ಲಿ ಬಿಡುವ ಹಾಗೆ ಜೋಡಿಸಿ ಇಟ್ಟಿದ್ದರು. ಮೈ ಕಾದ ಹೆಂಚಿನಂತಿತ್ತು, ಬೆವರಿರಲಿಲ್ಲ. ನಾವು ಬಾಯಿಗೆ ಹಿಡಿದ ನೀರು ಒಳಗೆ ಇಳಿಯಲಿಲ್ಲ. ನಮ್ಮನ್ನು ಗುರುತು ಹಿಡಿಯಲಿಲ್ಲ. ನಗಲಿಲ್ಲ. ನಿನ್ನ ಹೆಸರು ಹೇಳಲಿಲ್ಲ. "ಚಿಕ್ಕಜಾಲದ ಬಸ್ ಹೋಯ್ತಾ?" ಎಂದು ಕೇಳಿದರು. ಇನ್ನೊಂದು ಸಲ ಅದನ್ನೇ ಕೇಳಿದರು. ಇನ್ನೂ ಇಲ್ಲ ಸರ್, ಬರತ್ತೆ ಎಂದು ಇರ್ಫಾನ್ ಹೇಳಿದ. ಅದು ಕೇಳಿಸಿತೋ ಇಲ್ಲವೋ ಹೇಳಲಾರೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಹೊತ್ತುಕೊಂಡು ಇಳಿದೆವು. ಕಾರು ಕಣ್ಣಿಗೆ ಬೀಳುವಷ್ಟರಲ್ಲಿ ಉಸಿರು ನಿಂತಿತ್ತು. ಆಗ ಅವರ ತಲೆ ಇದ್ದದ್ದು ನನ್ನ ತೋಳಿನ ಮೇಲೆ.

ಇದನ್ನು ಬರೆಯುವ ಮುಂಚೆ ಮೂವರಿಗೂ ಫೋನ್ ಮಾಡಿದೆ. ಮಂಜುಗೆ ಸಿಟ್ಟು ಬಂತು.

"ಯಾಕ್ ಗುರು ಕೆದಕ್ತೀಯ? ಅವ್ರ ಮನೇವ್ರು ನೆಮ್ಮದಿಯಾಗಿದಾರೆ."

"ಇಲ್ಲ ಮಂಜು. ನೆಮ್ಮದಿಯಾಗಿರೋದು ನಾವು."

"ಬ್ಯಾಗ್ ಇಸ್ಕೊಂಡಿದ್ದು ನಾನು ಅಂತಾನೂ ಬರೀತೀಯಾ?"

"ನಾನೂ ಹೊತ್ತೆ ಅಂತ ಬರೀತೀನಿ."

"ಬರಿ ಹಂಗಾದ್ರೆ" ಎಂದು ಫೋನ್ ಇಟ್ಟ. ಇರ್ಫಾನ್ ಪೂರ್ತಿ ಕೇಳಿಸಿಕೊಂಡು, "ಬೇಟಿಗೆ ಹೇಳು ಭಾಯ್, ನಾನ್ ಹೇಳಿದ್ದು ಸುಳ್ಳು. ನನ್ ಹೆಸ್ರೂ ಹಾಕು" ಎಂದ. ಹಾಕು ಎಂದು ಜೋಯಲ್ ಕೂಡ ಹೇಳಿದ.

ಹಾಕುತ್ತಿದ್ದೇನೆ. ಇದನ್ನು ಕಂಡವರು, ಇವತ್ತಿಗೂ ಬದುಕಿರುವವರು: ಗೊರಗುಂಟೆಪಾಳ್ಯದ ಮಂಜುನಾಥ, ಆರ್.ಟಿ. ನಗರದ ಇರ್ಫಾನ್, ಈಗಲೂ ಮಸ್ಕತ್‌ನಲ್ಲಿರುವ ಜೋಯಲ್, ಮತ್ತು ನಾನು. ಯಾರನ್ನು ಬೇಕಾದರೂ ಕೇಳು ಶ್ವೇತಾ, ಇನ್ನು ಮೇಲೆ ನಿನಗೆ ಒಬ್ಬರೇ ಅಪ್ಪ ಸಿಗುತ್ತಾರೆ.